ನಾಲ್ಕನೇ ಸಾಲು, ಐದನೇ ಮನೆ

ಬೇಡಕಿಹಾಳದ ನಮ್ಮ ಮನೆಯಲ್ಲಿ ದಿನದ ಅತಿ ಗಡಿಬಿಡಿಯ ಹೊತ್ತೆಂದರೆ ಸೂರ್ಯ ಮುಳುಗುವ ಮುಂಚಿನ ಅರ್ಧ ಗಂಟೆ. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗೆ ಹೋಗುವಂತಿಲ್ಲ. ಅಪ್ಪ ಕಬ್ಬಿನ ಹೊಲದಿಂದ ಗಾಡಿ ಓಡಿಸಿಕೊಂಡು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅವ್ವ ತಾಟು ಹಾಕಿ ಮುಗಿಸಿರುತ್ತಿದ್ದಳು. ಆಯಿ, ಅಂದರೆ ಅಪ್ಪನ ತಾಯಿ, ಪಡಸಾಲೆಯ ಕಂಬಕ್ಕೆ ಒರಗಿ ಕೂತು ಎದುರಿನ ಗೋಡೆಯ ಮೇಲಿನ ಬಿಸಿಲನ್ನೇ ನೋಡುತ್ತಿದ್ದಳು. ಗೋಡೆಯ ಮೇಲೆ ಇನ್ನೆಷ್ಟು ಇಟ್ಟಿಗೆ ಬಿಸಿಲು ಉಳಿದಿದೆ ಎಂಬುದು ಅವಳ ಗಡಿಯಾರ. ನಾವು ಹುಡುಗಿಯರು ಆಟದಲ್ಲಿ ಎಷ್ಟೇ ಮುಳುಗಿರಲಿ, ಆ ಗಡಿಯಾರಕ್ಕೆ ಕರುಣೆ ಇರಲಿಲ್ಲ.

“ಏಳ್ರಿ, ಮೂರ ಇಟ್ಟಂಗಿ ಬಿಸಲ ಉಳದೈತಿ. ನಿಮ್ಮ ಹಡಗಾ ನಾಳಿ ಮುಳಗಸ್ರಿ.”

ಹಡಗಿನ ಆಟವನ್ನು ಅಪ್ಪ ನಿಪ್ಪಾಣಿಯಿಂದ ತಂದಿದ್ದರು. ಎರಡು ಹಲಗೆ, ಒಂದೊಂದರಲ್ಲಿ ಎಂಟು ಸಾಲು, ಸಾಲಿಗೆ ಎಂಟು ಮನೆ. ಹಲಗೆಯ ಮುಂದೆ ಮುಚ್ಚಳ ನಿಲ್ಲಿಸಿ, ಎದುರಿನವಳಿಗೆ ಕಾಣದಂತೆ ಮೂರು ಹಡಗು ಅಡಗಿಸಿಡಬೇಕು: ನಾಲ್ಕು ಮನೆಯದು ಒಂದು, ಮೂರು ಮನೆಯವು ಎರಡು. ಹಡಗನ್ನು ಅಡ್ಡಕ್ಕೆ ಮಾತ್ರ ಇಡಬೇಕೆಂಬುದು ನಾವೇ ಮಾಡಿಕೊಂಡ ಕಾಯ್ದೆ. ಎದುರಿನವಳು ಊಹಿಸಿ “ನಾಲ್ಕನೇ ಸಾಲು, ಐದನೇ ಮನೆ” ಎಂದರೆ, ನಾವು ಹಲಗೆ ನೋಡಿ “ತಾಗಿತು” ಅಥವಾ “ಖಾಲಿ” ಎನ್ನಬೇಕು. ಅವಳ ಹಲಗೆ ನಮಗೆ ಕಾಣುವುದಿಲ್ಲ. ಅವಳು ಹೇಳಿದ್ದನ್ನು ನಂಬಬೇಕು, ಅಷ್ಟೆ. ಪ್ಲಾಸ್ಟಿಕ್ ಹಡಗುಗಳನ್ನು ಮೊದಲ ಮಳೆಗಾಲದಲ್ಲೇ ಅಂಗಳದ ನೀರಿನಲ್ಲಿ ನಿಜವಾಗಿ ತೇಲಿಬಿಡಲು ಹೋಗಿ ಗಟಾರದ ಪಾಲು ಮಾಡಿದ್ದೆ. ಆಮೇಲೆ ನಾನು ಹುಣಸೆ ಬೀಜಗಳನ್ನೇ ಹಡಗು ಮಾಡಿ ಸಾಲಾಗಿ ಇಡುತ್ತಿದ್ದೆ. ರಾಜಮತಿ ಮಾತ್ರ ಫುಟಾಣಿ, ಅಂದರೆ ಹುರಿಗಡಲೆ, ಇಡುತ್ತಿದ್ದಳು. ಮುಳುಗಿದ ಹಡಗನ್ನು ಗೆದ್ದವಳು ತಿನ್ನಬಹುದು ಎಂಬುದು ಅವಳ ಉದಾರ ಕಾಯ್ದೆ. ಅವಳು ಸೋತರೆ ನನಗೆ ಫುಟಾಣಿ, ನಾನು ಸೋತರೆ ಅವಳಿಗೆ ಹುಣಸೆ ಬೀಜ. ಇದರಲ್ಲಿ ಏನಾದರೂ ತಪ್ಪಿದೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಅಂಥ ಹುಡುಗಿ ನಾನು.

ರಾಜಮತಿ ನನ್ನ ಸೋದರತ್ತೆಯ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಕಾಗವಾಡದ ಆಚೆ, ಗಡಿಗೆ ಒತ್ತಿಕೊಂಡ ಊರು ಅವರದು. ಏಳನೇ ಇಯತ್ತೆ ಮುಗಿದ ಮೇಲೆ ಮಾವ ಅವಳನ್ನು ಶಾಲೆ ಬಿಡಿಸಿ ಎಮ್ಮೆಗಳ ಹಿಂದೆ ಹಚ್ಚಲು ಹೊರಟಾಗ ಆಯಿ ಸ್ವತಃ ಹೋಗಿ ಜಗಳಾಡಿ ಕರೆತಂದಿದ್ದಳು. ಹತ್ತನೆಯದರ ತನಕ ತಾನು ಕಲಿಸುತ್ತೇನೆ ಎಂದು ಮಾತು ಕೊಟ್ಟಿದ್ದಳು. ಮಾವ ಒಪ್ಪಿದ್ದು ಒಂದೇ ಷರತ್ತಿನ ಮೇಲೆ, ಅದನ್ನು ನಾನು ಅಲ್ಲೇ ನಿಂತು ಕೇಳಿಸಿಕೊಂಡಿದ್ದೆ.

“ಒಯ್ಯರಿ. ಆದ್ರ ಒಂದ ತಕರಾರ ಬಂತಂದ್ರ ಮರುದಿನಾನ ತಿರಗಿ ಕರಕೊಂಡ ಬರ್ತೀನಿ ನೋಡ್ರಿ.”

ಹೀಗೆ ರಾಜಮತಿ ಒಂದು ತಕರಾರಿನ ಅಂಚಿನಲ್ಲಿ ನಮ್ಮ ಮನೆಗೆ ಬಂದಳು. ಬಂದವಳು ಎಲ್ಲರಿಗೂ ಬೇಕಾದವಳಾದಳು. ನೀರು ಸೋಸುವುದು, ಅಕ್ಕಿ ಹಸನು ಮಾಡುವುದು, ಆಯಿಯ ಮಂಡಿಗೆ ಎಣ್ಣೆ ತಿಕ್ಕುವುದು, ಯಾವುದಕ್ಕೂ ಹೇಳಿಸಿಕೊಳ್ಳುತ್ತಿರಲಿಲ್ಲ. ಆಯಿಯ ಪಕ್ಕದಲ್ಲಿ ಊಟಕ್ಕೆ ಕೂಡುವ ಜಾಗ ಹುಟ್ಟಿದಾಗಿನಿಂದ ನನ್ನದಾಗಿತ್ತು. ಶ್ರಾವಣ ಬರುವಷ್ಟರಲ್ಲಿ ಅದು ಅವಳದಾಯಿತು. ನನಗೆ ಹೊಟ್ಟೆಕಿಚ್ಚು ಬಂತು. ಈಗ ಹೇಳಲು ನಾಚಿಕೆಯಿಲ್ಲ. ಆಗ ಅದನ್ನು ಹೊಟ್ಟೆಕಿಚ್ಚು ಎಂದು ಕರೆಯುವ ಧೈರ್ಯ ನನಗಿರಲಿಲ್ಲ.

ನನಗಿದ್ದ ಒಂದೇ ಹೆಚ್ಚುಗಾರಿಕೆ ಎಂದರೆ ವಹಿ. ರಾಜಮತಿ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡು ಆಡುತ್ತಿದ್ದಳು. ನಾನು ಇನ್ನೂರು ಪುಟದ ವಹಿಯಲ್ಲಿ ನನ್ನ ಪ್ರತಿಯೊಂದು ಊಹೆ, ಅವಳ ಪ್ರತಿಯೊಂದು ಉತ್ತರ ಬರೆದಿಡುತ್ತಿದ್ದೆ. “4-4 ತಾಗಿತು. 5-4 ಖಾಲಿ.” ಆಟ ಮುಗಿದ ಮೇಲೂ ಹರಿದು ಹಾಕುತ್ತಿರಲಿಲ್ಲ. ಅವಳು ದೊಡ್ಡ ಹಡಗನ್ನು ಯಾವ ವಾರ ಎಲ್ಲಿ ಅಡಗಿಸಿದ್ದಳು ಎಂದು ಹಿಂದಿನ ಪುಟ ತಿರುವಿ ಹೇಳಬಲ್ಲವಳಾಗಿದ್ದೆ. ನಾನೀಗ ತಾಲೂಕು ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಮಾತು ಟೈಪು ಮಾಡುತ್ತೇನೆ. ಈ ಕೆಲಸ ನನಗೆ ಹೇಗೆ ಹತ್ತಿತು ಎಂದು ಯಾರಾದರೂ ಕೇಳಿದರೆ ನಗುತ್ತೇನೆ, ವಹಿಯ ಸುದ್ದಿ ತೆಗೆಯುವುದಿಲ್ಲ.

ಆ ವರ್ಷ ನಮ್ಮೂರಿನ ಬಸದಿಯಲ್ಲಿ ಒಬ್ಬ ಮುನಿ ಮಹಾರಾಜರು ಮಳೆಗಾಲದ ನಾಲ್ಕು ತಿಂಗಳು ಉಳಿದಿದ್ದರು. ಅವರು ಉಣ್ಣುವುದು ದಿನಕ್ಕೆ ಒಂದೇ ಸಲ, ಬೆಳಿಗ್ಗೆ, ನಿಂತುಕೊಂಡು, ಬೊಗಸೆಯಲ್ಲಿ. ಯಾರ ಮನೆಯಲ್ಲಿ ಎಂಬುದನ್ನು ಯಾರೂ ಹೇಳುವಂತಿಲ್ಲ. ಬಸದಿಯಿಂದ ಹೊರಡುವಾಗ ಮಹಾರಾಜರು ಮನಸ್ಸಿನಲ್ಲೇ ಒಂದು ನೇಮ ಹಿಡಿದಿರುತ್ತಾರೆ: ಗಂಡ ಹೆಂಡತಿ ಕಲಶ ಹಿಡಿದು ನಿಂತಿರಬೇಕು, ಇಲ್ಲವೇ ಮುದುಕಿಯ ಕೈಯಲ್ಲಿ ತೆಂಗಿನಕಾಯಿ ಇರಬೇಕು, ಹೀಗೆ ಏನೋ ಒಂದು. ಅದು ಕಣ್ಣಿಗೆ ಬಿದ್ದ ಮನೆಯ ಮುಂದೆ ನಿಲ್ಲುತ್ತಾರೆ. ಎಲ್ಲೂ ಬೀಳದಿದ್ದರೆ ಉಪವಾಸವೇ ತಿರುಗಿ ಹೋಗುತ್ತಾರೆ. ಆದ್ದರಿಂದ ನಮ್ಮ ಓಣಿಯ ಮನೆಮನೆಯವರೂ ಬೆಳಿಗ್ಗೆ ಶುದ್ಧ ಅಡುಗೆ ಮಾಡಿಟ್ಟು, ಮಡಿಯುಟ್ಟು, ಕೈಯಲ್ಲಿ ಒಂದೊಂದು ವಸ್ತು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಆಯಿ ಹದಿನೈದು ದಿನ ಕಾಯ್ದಳು. ಹದಿನೈದು ದಿನವೂ ಮಹಾರಾಜರು ನಮ್ಮ ಬಾಗಿಲು ದಾಟಿ ಹೋದರು. ಆಯಿ ಒಳಗೆ ಬಂದು ಕೈಯಲ್ಲಿದ್ದುದನ್ನು ಕೆಳಗಿಡುತ್ತಿದ್ದಳು. ಮಾಡಿಟ್ಟ ಅಡುಗೆಯನ್ನು ನಮಗೆ ಬಡಿಸಿ ತಾನು ಉಣ್ಣುತ್ತಿರಲಿಲ್ಲ.

ಇದೂ ಊಹೆಯ ಆಟವೇ ಅನ್ನಿಸಿತು ನನಗೆ. ದಿನಾ ಬೆಳಿಗ್ಗೆ ನಾವು ಯಾರು ಯಾರು ನಿಂತೆವು, ಕೈಯಲ್ಲಿ ಏನಿತ್ತು ಎಂದು ಬರೆಯತೊಡಗಿದೆ. ಮಹಾರಾಜರು ನಿಂತ ಮನೆಯವರು ಏನು ಹಿಡಿದಿದ್ದರು ಎಂದು ಶಾಲೆಯಲ್ಲಿ ಆ ಮನೆಯ ಹುಡುಗಿಯರನ್ನು ಕೇಳಿ ಅದನ್ನೂ ಬರೆದೆ. ನೇಮ ದಿನಾ ಹೊಸದಾಗಿರುತ್ತದೆ, ನಿನ್ನೆಯದು ನೋಡಿ ಇವತ್ತಿನದು ಹೇಳಲಾಗದು ಎಂಬುದು ಆಯಿಗೆ ಗೊತ್ತಿತ್ತು. ಆದರೂ ಅವಳು ವಹಿ ಓದಿಸಿಕೊಂಡು ಕೇಳುತ್ತಿದ್ದಳು. ಆಸೆ ಹುಟ್ಟಿದ ಮನುಷ್ಯರಿಗೆ ಬರೆದದ್ದರ ಮೇಲೆ ಬೇಗ ನಂಬಿಕೆ ಬರುತ್ತದೆ ಎಂದು ನಾನು ಈಗ ದಿನಾ ಕೋರ್ಟಿನಲ್ಲಿ ನೋಡುತ್ತೇನೆ.

“ಪದ್ಮೀ ವಹಿಯೊಳಗ ಎಲ್ಲಾ ಬರಾಬರ ಇರ್ತೈತಿ” ಎಂದು ಆಯಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನನಗೆ ಕೊಂಬು ಬಂತು.

ಜಗಳ ಹುಟ್ಟಿದ್ದು ಆ ದಿನಗಳಲ್ಲೇ. ಒಂದು ಸಂಜೆ ಆಟ ಅರ್ಧಕ್ಕೆ ನಿಂತಿತು. ನನ್ನ ಎರಡು ಊಹೆ ತಾಗಿದ್ದವು: ನಾಲ್ಕನೇ ಸಾಲಿನ ನಾಲ್ಕನೇ ಮನೆ, ಐದನೇ ಮನೆ. ಐದನೇ ಸಾಲಿನ ನಾಲ್ಕನೇ ಮನೆ ಖಾಲಿ ಎಂದಿದ್ದಳು. ಇಟ್ಟಿಗೆಯ ಮೇಲಿನ ಬಿಸಿಲು ಮುಗಿಯಿತು; ಹಲಗೆಗಳ ಮೇಲೆ ಮುಚ್ಚಳ ಹಾಕಿ, ಇಬ್ಬರೂ ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಊಟಕ್ಕೆ ಎದ್ದೆವು. ಮರುದಿನ ಶಾಲೆಯಿಂದ ಬಂದು ಕೂತೆವು. ನಾಲ್ಕನೇ ಸಾಲಿನ ಆರನೇ ಮನೆ ಕೇಳಿದೆ. ಅವಳು ಹಲಗೆ ನೋಡಿ “ಖಾಲಿ” ಎಂದಳು. ಮೂರನೇ ಮನೆ ಕೇಳಿದೆ. ಅದೂ “ಖಾಲಿ”. ಮೂರು ಮನೆಗಿಂತ ಸಣ್ಣ ಹಡಗೇ ಇಲ್ಲದ ಆಟದಲ್ಲಿ ಎರಡೂ ಕಡೆ ಖಾಲಿ ಹೇಗಾದೀತು? ನಾನು ಕೈ ಚಾಚಿ ಅವಳ ಮುಚ್ಚಳ ಕಿತ್ತೆ. ನಾಲ್ಕು ಫುಟಾಣಿಗಳ ದೊಡ್ಡ ಹಡಗು ಐದನೇ ಸಾಲಿನಲ್ಲಿತ್ತು.

“ಸರಿಸೀದಿ! ನಿನ್ನಿ ನಾಲ್ಕನೇ ಸಾಲಿನ್ಯಾಗಿತ್ತು!”

“ಇಲ್ಲ ಪದ್ಮಿ. ನಾ ಎಲ್ಲಿ ಇಟ್ಟಿದ್ನೆಲಾ ಅಲ್ಲೇ ಐತಿ.”

“ಸುಳ್ಳ ಹೇಳಬ್ಯಾಡ. ವಹಿಯೊಳಗ ಬರದೇನಿ.”

“ದೇವರಾಣಿ, ನಾ ಮುಟ್ಟಿಲ್ಲ. ನೋಡೇ ಹೇಳಾಕತ್ತೇನಿ.”

ನಾನು ವಹಿ ಎತ್ತಿಕೊಂಡು ಸೀದಾ ಆಯಿಯ ಹತ್ತಿರ ಓಡಿದೆ. ಒಂದು ತಕರಾರು ಬಂದರೆ ಅವಳ ಗತಿ ಏನು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಓಡಿದೆ. ಹಿಂದಿನ ದಿನದ ಸಾಲು ಓದಿದೆ, ಆ ದಿನದ ಸಾಲು ಓದಿದೆ: ನಾಲ್ಕು-ನಾಲ್ಕು ಹಡಗು ಅಂದಿದ್ದಳು, ಐದು-ನಾಲ್ಕು ಖಾಲಿ ಅಂದಿದ್ದಳು, ಈಗ ಹಡಗು ಐದನೇ ಸಾಲಿನಲ್ಲಿದೆ. ಆಯಿಗೆ ಆಟ ಅರ್ಥವಾಗುತ್ತಿರಲಿಲ್ಲ, ಆದರೆ ನಿನ್ನೆ ಒಂದು ಮಾತು ಇವತ್ತು ಒಂದು ಮಾತು ಎಂಬುದು ಅರ್ಥವಾಯಿತು. ಅವಳು ರಾಜಮತಿಯನ್ನು ಕರೆದು ಎದುರು ನಿಲ್ಲಿಸಿಕೊಂಡಳು. ದನಿ ಏರಿಸಲಿಲ್ಲ.

“ಆಟದಾಗ ಎಲ್ಲಾರೂ ಹಂಗ ಮಾಡ್ತಾರ. ಹೌದು ಅನ್ನು, ಮುಗೀತು. ಈ ಬಾಗಲದಾಗ ಮಹಾರಾಜರ ಮುಂದ ನಿಂತು ‘ವಚನ ಶುದ್ಧಿ’ ಅಂತ ಹೇಳೂ ಬಾಯಿ ಇದು.”

“ಸರಿಸಿದ್ರ ಹೌದ ಅಂತಿದ್ನಿ ಆಯಿ. ಸರಿಸಿಲ್ಲ.”

ಮನ ಶುದ್ಧಿ, ವಚನ ಶುದ್ಧಿ, ಕಾಯ ಶುದ್ಧಿ, ಆಹಾರ ಜಲ ಶುದ್ಧಿ: ಮುನಿಗಳಿಗೆ ಅನ್ನ ನೀಡುವ ಮುಂಚೆ ಮನೆಯವರು ಈ ನಾಲ್ಕನ್ನೂ ಬಾಯಿಬಿಟ್ಟು ಹೇಳಬೇಕು. ಮಾತಿನಲ್ಲಿ ಸುಳ್ಳಿಟ್ಟುಕೊಂಡು ಎರಡನೆಯದನ್ನು ಹೇಳುವುದೆಂದರೆ ಆಯಿಯ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಪಾಪವಿರಲಿಲ್ಲ. ಎರಡು ದಿನ ಅವಳು ರಾಜಮತಿಯ ಜೊತೆ ಬೇಕಾದಷ್ಟೇ ಮಾತಾಡಿದಳು. ಊಟಕ್ಕೆ ಕೂಡುವಾಗ ರಾಜಮತಿ ತಾನಾಗಿಯೇ ಅಂಚಿಗೆ ಸರಿದಳು. ನಾನು ನನ್ನ ಹಳೆಯ ಜಾಗದಲ್ಲಿ ಕೂತೆ. ಆ ಎರಡು ದಿನ ಅನ್ನ ಬಹಳ ರುಚಿಯಾಗಿತ್ತು.

ಮೂರನೆಯ ದಿನ, ವಹಿ ನೋಡಿ, ನಾವಿಬ್ಬರು ಹುಡುಗಿಯರೇ ಇನ್ನೂ ಮುಂದೆ ನಿಂತಿಲ್ಲ ಎಂದು ನಾನು ಹೇಳಿದೆ. ಆಯಿ ರಾಜಮತಿಯ ಮುಖ ನೋಡಿ ಹಿಂದೆಮುಂದೆ ನೋಡಿದಳು, ಆದರೆ ಆಸೆ ಗೆದ್ದಿತು. ನಾವಿಬ್ಬರೂ ಕೈಯಲ್ಲಿ ಬಾಳೆಹಣ್ಣು ಹಿಡಿದು ಮುಂದೆ, ಉಳಿದವರು ಹಿಂದೆ ನಿಂತೆವು. ಓಣಿಯ ಆ ತುದಿಯಿಂದ “ನಮೋಸ್ತು, ನಮೋಸ್ತು” ಎಂಬ ದನಿ ಹತ್ತಿರವಾಗುತ್ತ ಬಂತು. ಮಹಾರಾಜರು ನಮ್ಮ ಬಾಗಿಲಿಗೆ ಬಂದರು. ನಿಂತರು. ಆಯಿಯ ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು, ಅಳುವೋ ನಗುವೋ ತಿಳಿಯಲಿಲ್ಲ. ಅವರಿಗೆ ಮೂರು ಸುತ್ತು ಬಂದು, ಒಳಗೆ ಕರೆದು, ಪಾದ ತೊಳೆದು, ಎಲ್ಲರೂ ಒಟ್ಟಿಗೆ ಶುದ್ಧಿಯ ಮಾತು ಹೇಳಿದೆವು. ರಾಜಮತಿಯ ದನಿ ನನ್ನ ಕಿವಿಯ ಪಕ್ಕದಲ್ಲೇ ಸ್ಪಷ್ಟವಾಗಿ ಕೇಳಿಸಿತು. ಅಪ್ಪ ಬೊಗಸೆಗೆ ಮೊದಲು ನೀರು ನೀಡಿದರು. ಆಯಿ ಅನ್ನ ನೀಡಿದಳು. ಮೂರನೆಯ ತುತ್ತಿಗೆ ಮಹಾರಾಜರು ಬೊಗಸೆ ನೋಡಿದರು, ಬೆರಳು ಬಿಡಿಸಿದರು, ಅನ್ನ ಪಾತ್ರೆಗೆ ಬಿತ್ತು. ಅದರಲ್ಲಿ ಒಂದು ಸತ್ತ ಇರುವೆ ಇತ್ತು. ಅಷ್ಟಾದರೆ ಮುಗಿಯಿತು, ಆ ದಿನ ಮತ್ತೆ ಅನ್ನವಿಲ್ಲ, ನೀರಿಲ್ಲ. ಅವರು ಮುಖದಲ್ಲಿ ಏನೂ ತೋರಿಸದೆ, ನಮ್ಮನ್ನು ಹರಸಿ, ಬಂದ ದಾರಿಯಲ್ಲೇ ಬಿಸಿಲಿನಲ್ಲಿ ನಡೆದು ಹೋದರು.

ಓಣಿಯ ಜನ ಬಾಗಿಲಲ್ಲಿ ನೆರೆದಿದ್ದರು. ಅವರು ಚದುರುವ ತನಕ ಆಯಿ ಗೋಡೆ ಹಿಡಿದು ನಿಂತಿದ್ದಳು. ಆಮೇಲೆ ಕೇಳಿದಳು.

“ಅಕ್ಕಿ ಯಾರ ಹಸನ ಮಾಡಿದ್ರು?”

“ನಾ ಮಾಡೀನಿ ಆಯಿ” ಎಂದಳು ರಾಜಮತಿ. “ಎರಡ ಸಲ ಮಾಡೀನಿ. ಖರೇನ.”

“ಖರೇನ?” ಆಯಿ ನನ್ನ ಕಡೆ ತಿರುಗಿದಳು. “ಪದ್ಮಿ, ವಹಿ ತಾ.”

ಅಕ್ಕಿಗೂ ವಹಿಗೂ ಸಂಬಂಧವೇ ಇರಲಿಲ್ಲ. ಅದನ್ನು ಹೇಳಲು ನನಗೆ ಬಾಯಿ ಇತ್ತು. ಹೇಳಲಿಲ್ಲ. ವಹಿ ತಂದು, ಅಪ್ಪ ಅವ್ವನ ಮುಂದೆ, ಎರಡು ದಿನದ ಹಿಂದಿನ ಸಾಲುಗಳನ್ನು ಮತ್ತೆ ಓದಿದೆ. ಅವ್ವ ಮಾತ್ರ “ಹುಡುಗ್ರ ಆಟ ಅತ್ತಿ, ಬಿಡ್ರಿ” ಎಂದಳು. ಆಯಿ ಬಿಡಲಿಲ್ಲ.

“ಅಕ್ಕಿ ಹಸನ ಮಾಡೂದ ತಪ್ಪಿದ್ರ ನಾ ಏನೂ ಅಂತಿರಲಿಲ್ಲ. ಸುಳ್ಳ ಇಟಕೊಂಡ ಬಾಯಿಲೆ ವಚನ ಶುದ್ಧಿ ಅಂದಿ. ಇವತ್ತ ಒಬ್ಬ ಮುನಿ ಉಪವಾಸ ಹ್ವಾದ್ರು. ಈಗರ ಒಪ್ಪಗೋ.”

ರಾಜಮತಿ ಒಪ್ಪಿಕೊಳ್ಳಲಿಲ್ಲ. ಅತ್ತಳು, ಆದರೂ ಒಪ್ಪಿಕೊಳ್ಳಲಿಲ್ಲ. ಮರುದಿನ ಅಪ್ಪ ಅವಳ ಬಟ್ಟೆಯ ಚೀಲ ಹಿಡಿದು ಬಸ್ಸು ಹತ್ತಿಸಿ ಊರಿಗೆ ಬಿಟ್ಟು ಬಂದರು. ತಿರುಗಿ ಬಂದವರು ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದರು: ಮಾವ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ, ಸೆಗಣಿ ಬಳಿಯುವ ಬುಟ್ಟಿಯನ್ನು ಅವಳ ಕೈಗೆ ಕೊಟ್ಟರಂತೆ.

ಗೆದ್ದವಳಿಗೆ ಎದುರು ಆಡುವವರೇ ಇಲ್ಲವಾದರು. ಮೂರು ವಾರ ಕಳೆದ ಮೇಲೆ, ತಡೆಯಲಾಗದೆ, ಒಂದು ಸಂಜೆ ಎರಡೂ ಹಲಗೆ ನಾನೇ ಹೂಡಿದೆ: ನನ್ನದರಲ್ಲಿ ಹುಣಸೆ ಬೀಜ, ಅವಳದರಲ್ಲಿ ಅವಳಂತೆ ಫುಟಾಣಿ. ಹೊತ್ತು ಮುಳುಗಿತು, ಮುಚ್ಚಳ ಹಾಕಿ ಎದ್ದೆ. ಬೆಳಿಗ್ಗೆ ಹಲ್ಲು ತಿಕ್ಕುತ್ತ ಪಡಸಾಲೆಗೆ ಬಂದರೆ ಆಯಿ ಹಲಗೆಯ ಮುಂದೆ ಕೂತಿದ್ದಾಳೆ. ಮುಚ್ಚಳ ಪಕ್ಕಕ್ಕಿದೆ. ಒಂದೊಂದೇ ಫುಟಾಣಿಯನ್ನು ಎರಡು ಬೆರಳಿನಲ್ಲಿ ಎತ್ತಿ, ಹಗುರಾಗಿ ಊದಿ, ಅದಕ್ಕೆ ಹತ್ತಿದ ಇರುವೆಗಳನ್ನು ಒಂದು ಹಳೆಯ ಪೇಪರಿನ ಮೇಲೆ ಇಳಿಸುತ್ತಿದ್ದಾಳೆ. ಪೇಪರನ್ನು ಹುಷಾರಾಗಿ ಹಿತ್ತಲಿಗೆ ಒಯ್ದು, ಪಾರಿಜಾತದ ಬುಡದಲ್ಲಿ ಬಿಟ್ಟು ಬಂದಳು. ಆಮೇಲೆ ಫುಟಾಣಿಗಳನ್ನು ಸಾಲಾಗಿ ಹಲಗೆಯ ಮೇಲೆ ಇಟ್ಟಳು. ನಾನು ಎರಡನೇ ಸಾಲಿನಲ್ಲಿ ಇಟ್ಟಿದ್ದೆ. ಆಯಿ ಮೂರನೆಯದರಲ್ಲಿ ಇಟ್ಟಳು.

ನನ್ನ ಬಾಯಲ್ಲಿ ನೊರೆ ಹಾಗೇ ಉಳಿಯಿತು.

“ಆಯಿ, ಏನ ಮಾಡಾಕತ್ತಿ?”

“ಇರಬಿ ಮುಕರೀದ್ವು. ನೀವು ಹುಡುಗ್ರು ಒರಸಿ ಒಗೀತೀರಿ, ಜೀವಾ ಹೋಗ್ತಾವ. ತಗದು ಮತ್ತ ಇದ್ದಲ್ಲೇ ಇಟ್ಟೇನಿ ನೋಡು.”

“ರಾಜಮತಿ ಇದ್ದಾಗೂ ತಗೀತಿದ್ದೇನು?”

“ಇರಬಿ ಆದಾಗ ತಗಿತಿದ್ನಿ. ಯಾಕ?”

ನಾನು ಆಯಿಗೆ ಓದಿ ಹೇಳಿದ್ದು ಬರೀ ಅಂಕಿ. ಹಡಗು ಎಂದು ಬರೆದಿದ್ದೆ, ಹಡಗು ಎಂದು ಓದಿದ್ದೆ. ಫುಟಾಣಿ ಎಂಬ ಶಬ್ದ ಒಂದು ಸಲ ನನ್ನ ಬಾಯಿಂದ ಬಂದಿದ್ದರೆ ಆಯಿ ಅವತ್ತೇ “ಅಯ್ಯ, ಅವನ್ನ ನಾ ಎತ್ತಿ ಇಟ್ಟೇನಿ” ಎಂದು ನಕ್ಕು ಮುಗಿಸಿಬಿಡುತ್ತಿದ್ದಳು. ಹೇಳಬೇಕೋ ಬಿಡಬೇಕೋ ಎಂದು ಬಾವಿಯ ಹತ್ತಿರ ಬಹಳ ಹೊತ್ತು ನಿಂತೆ. ಹೇಳಿದರೆ ತಪ್ಪು ನನ್ನ ಮೇಲೆ ಬರುತ್ತದೆ ಎಂಬ ಹೆದರಿಕೆ ಸಣ್ಣದು. ಆಯಿಯ ಮೇಲೆ ಬರುತ್ತದೆ ಎಂಬುದು ದೊಡ್ಡದು. ಇರುವೆಯ ಜೀವ ಉಳಿಸಲು ಹೋದ ಕೈ ಅವಳದು. ಆದರೂ ಒಳಗೆ ಹೋಗಿ ಹೇಳಿದೆ. ಹಲಗೆ ತೋರಿಸಿ, ಸಾಲು ಎಣಿಸಿ, ಎಲ್ಲ ಹೇಳಿದೆ. ಆಯಿ ಕೇಳುತ್ತ ಕೇಳುತ್ತ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಳು. ಕೇಳಿದ್ದು ಇಷ್ಟೇ:

“ಕ್ಷಮಾವಣಿ ಎಂದೈತಿ?”

ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ದೊಡ್ಡವರು ಸಣ್ಣವರೆನ್ನದೆ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ ಅದು, ಭಾದ್ರಪದದಲ್ಲಿ. ಇನ್ನೂ ಎಂಟು ದಿನವಿತ್ತು. ಆಯಿ ಆ ಎಂಟು ದಿನವನ್ನು ಹೇಗೆ ತಡೆದಳೋ, ಅಂದು ಬೆಳಿಗ್ಗೆ ಬಸದಿಗೆ ಹೋಗಿ ಬಂದವಳೇ ನನ್ನ ಕೈ ಹಿಡಿದು ಬಸ್ಸು ಹತ್ತಿದಳು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಅಂಕಲಿಯ ಹತ್ತಿರ ತುಂಬಿ ಹರಿಯುವ ಕೃಷ್ಣೆ ದಾಟಿ ಅತ್ತೆಯ ಊರಿಗೆ ಹೋದೆವು. ಅತ್ತೆಯ ಮನೆಯ ಅಂಗಳದಲ್ಲಿ ರಾಜಮತಿ ಹುಲ್ಲು ಕತ್ತರಿಸುತ್ತಿದ್ದಳು. ನಮ್ಮನ್ನು ನೋಡಿ ಕುಡುಗೋಲು ಕೆಳಗಿಟ್ಟು, ಕೈ ಒರೆಸಿಕೊಂಡು ಓಡಿ ಬಂದು, ನಾವು ಬಾಯಿ ತೆರೆಯುವ ಮುಂಚೆಯೇ ಆಯಿಯ ಕಾಲು ಮುಟ್ಟಿದಳು.

“ಆಯಿ, ನಾ ಸುಳ್ಳ ಹೇಳಿದ್ನಿ. ಹಡಗಾ ನಾನ ಸರಿಸಿದ್ನಿ. ಕ್ಷಮಾ ಮಾಡು.”

ಆಯಿ ಅಲ್ಲೇ, ಹುಲ್ಲಿನ ಮೇಲೆ, ಕೂತುಬಿಟ್ಟಳು. ಆ ಹುಡುಗಿಯ ಎರಡೂ ಕೈ ಹಿಡಿದು, ತನ್ನ ಹಣೆಗೆ ಒತ್ತಿಕೊಂಡು, ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ಇರುವೆಯ ವಿಷಯ, ಫುಟಾಣಿಯ ವಿಷಯ ಎಲ್ಲ ನಾನೇ ಹೇಳಬೇಕಾಯಿತು. ಕ್ಷಮಿಸು ಎಂದೂ ಹೇಳಿದೆ. ಕೊಟ್ಟಿಗೆಯಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ ಮಾವ ಕೇಳಿಯೂ ಕೇಳದವರಂತೆ ಇದ್ದರು. ಅವಳನ್ನು ತಿರುಗಿ ಕಳಿಸು ಎಂದು ಆಯಿ ಕೈಮುಗಿದು ಕೇಳಿದಳು.

“ಸಾಲ್ಯಾಗಿಂದ ಹೆಸರ ತಗಸೇನ್ರಿ. ಎಮ್ಮಿ ಎರಡ ಹೆಚ್ಚ ಕಟ್ಟೇನಿ. ಅಕಿನ ಒಪಗೊಂಡಾಳ, ಇನ್ನೇನೈತಿ ಅದರಾಗ” ಎಂದು ಮಾವ ಹೊರಳದೆಯೇ ಹೇಳಿದರು.

ರಾಜಮತಿ ಅವರ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿಗಾಗಿ ಹುಡುಕಿದೆ, ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ.

“ಎಲ್ಲಾರೂ ಅಂದ್ರಲ್ಲ. ನಿದ್ದಿಗಣ್ಣಾಗ ಸರಿಸಿರಬೇಕು ಅನಸ್ತು. ಅಕ್ಕಿನೂ ಒಂದ ಸಲಾನ ಮಾಡಿರಬೇಕು ಅನಸ್ತು. ಈಗ ನನಗ ಗೊತ್ತಾಗೂದಿಲ್ಲ ಪದ್ಮಿ.” ಮತ್ತೆ ಕೇಳಿದಳು: “ಅಂದ್ರ, ನಾ ಸುಳ್ಳ ಹೇಳಿರಲಿಲ್ಲಾ?”

“ಇಲ್ಲ. ನೀ ಹೇಳಿರಲಿಲ್ಲ.”

“ಇನ್ನೊಮ್ಮಿ ಹೇಳು. ಅಪ್ಪಾಗ ಕೇಳೂ ಹಂಗ ಹೇಳು.”

ನಾನು ಕೊಟ್ಟಿಗೆಯ ಕಡೆ ತಿರುಗಿ, ಗಂಟಲು ಹರಿಯುವಂತೆ ಕೂಗಿ ಹೇಳಿದೆ. ಮಾವ ಎಮ್ಮೆಯ ಬೆನ್ನಿಗೆ ಇನ್ನೊಂದು ಬಕೆಟ್ಟು ನೀರು ಸುರುವಿದರು. ರಾಜಮತಿ ಮತ್ತೊಮ್ಮೆ ಹೇಳು ಎಂದಳು, ಮತ್ತೊಮ್ಮೆ ಹೇಳಿದೆ. ಬಸ್ಸಿನ ಹೊತ್ತಾಗಿ ಆಯಿ ನನ್ನ ರಟ್ಟೆ ಹಿಡಿದು ಹೊರಡಿಸುವ ತನಕ ಅವಳು ಹೇಳಿಸುತ್ತಲೇ ಇದ್ದಳು.